ಅರಿ: ಒಂದು ಧ್ವನಿ, ಹಲವು ಪದಗಳು



ಈ ಸಂಜೆ ತಮ್ಮ ಮುಂದೆ ಎರಡೇ ಅಕ್ಷರಗಳ ಮಾತೊಂದನ್ನು ಇಡಬಯಸುತ್ತೇನೆ. ಅದು 'ಅರಿ'. ಕನ್ನಡಿಗನಿಗೆ ಇದು 'ತಿಳಿ' ಎಂಬರ್ಥದ ಮಾತು. 'ಅರಿವು' ಹುಟ್ಟಿದುದು ಇದರಿಂದಲೇ. ಸಂಸ್ಕೃತದಲ್ಲಿ ಅರಿಯೆಂದರೆ ಶತ್ರು. ಪಂಪನಿಗೆ ಆಶ್ರಯವಿತ್ತ ಅರಿಕೇಸರಿ ಹಗೆಗಳ ಪಾಲಿಗೆ ಸಿಂಹ. ದಕ್ಷಿಣ ಕನ್ನಡದ ತುಳುವರ ಮನೆಗಳಲ್ಲಿ ಅರಿಯೆಂದರೆ ಅಕ್ಕಿ. ಹೀಬ್ರೂ ಭಾಷೆಯಲ್ಲಿ ಅದೇ ಸಿಂಹ, ಜಪಾನೀಯರಿಗೆ ಇರುವೆ.

ಇಷ್ಟನ್ನು ಕೇಳಿದೊಡನೆ ಇವೆಲ್ಲವನ್ನೂ ಒಂದೇ ಬೇರಿಗೆ ಗಂಟುಹಾಕುವ ಆಸೆ ಹುಟ್ಟುವುದು ಸಹಜ. ಕನ್ನಡದಲ್ಲಿಯೇ 'ಕತ್ತರಿಸು' ಎಂಬರ್ಥದ ಇನ್ನೊಂದು ಅರಿ ಉಂಟು. ಕತ್ತರಿಸುವವನೇ ಶತ್ರು, ಆದುದರಿಂದ ಸಂಸ್ಕೃತದ ಅರಿಯೂ ನಮ್ಮದೇ ಎಂದು ವಾದಿಸುವುದು ಸುಲಭ; ಅಭಿಮಾನಕ್ಕೂ ಹಿತ. ಆದರೆ ಋಗ್ವೇದದಲ್ಲಿ ಬರುವ ಈ ಶಬ್ದಕ್ಕೆ 'ಪರಕೀಯ' ಎಂಬುದೇ ಮೂಲಾರ್ಥವೆಂದು ಜರ್ಮನಿಯ ವಿದ್ವಾಂಸ ಪೌಲ್ ಥೀಮೆ 1938ರಲ್ಲಿ ಪ್ರತಿಪಾದಿಸಿದರು. ಹೊರಗಿನಿಂದ ಬಂದವನು ಅತಿಥಿಯೂ ಆಗಬಹುದು, ಹಗೆಯೂ ಆಗಬಹುದು. ಅಲ್ಲಿ ಕತ್ತರಿಸುವ ಮಾತೇ ಇಲ್ಲ.

ಇನ್ನು, ನಮ್ಮ ಮನೆಯ ಎರಡು ಅರಿಗಳಾದರೂ ಒಂದೇ ಏನು? ಅದೂ ಇಲ್ಲ. ಹಳಗನ್ನಡದಲ್ಲಿ ತಿಳಿಯುವುದು ಶಕಟರೇಫೆಯ 'ಅಱಿ'. ಕತ್ತರಿಸುವುದು ಸಾಮಾನ್ಯ ರೇಫೆಯ 'ಅರಿ'. ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಇವೆರಡೂ ಬೇರೆಬೇರೆಯಾಗಿಯೇ ನಿಂತಿವೆ. ತಮಿಳು, ಮಲಯಾಳಗಳ ಬರಹದಲ್ಲಿ ಈ ಭೇದ ಇಂದಿಗೂ ಉಳಿದಿದೆ. ನಾವು ಅಕ್ಷರವೊಂದನ್ನು ಕೈಬಿಟ್ಟೆವು. ಎರಡು ಪದಗಳಿಗೂ ಒಂದೇ ವೇಷ ಬಂದಿತು.

ನಿಜವಾದ ನಂಟಸ್ತಿಕೆಯು ಇದಕ್ಕೆ ವಿರುದ್ಧವಾಗಿಯೂ ಇರಬಹುದು. ತುಳುವಿನ 'ಅರಿ', ತಮಿಳಿನ 'ಅರಿಸಿ', ನಮ್ಮ 'ಅಕ್ಕಿ' ಇವು ಕಿವಿಗೆ ದೂರದವು. ಆದರೂ ಬರೋ ಮತ್ತು ಎಮೆನೋ ಅವರು 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವನ್ನು ಒಂದೇ ಕುಟುಂಬಕ್ಕೆ ಸೇರಿಸಿತು. ಹೀಬ್ರೂವಿನ ಸಿಂಹ, ಜಪಾನಿನ ಇರುವೆಗಳು ಒಂದೇ ಧ್ವನಿಯನ್ನು ಹೊತ್ತಿದ್ದರೂ ನಮಗೆ ಏನೂ ಆಗಬೇಕಾದವಲ್ಲ.

ಆದುದರಿಂದ ಪದವೊಂದು ನಮ್ಮದೆಂದು ಹಕ್ಕು ಸಾಧಿಸುವ ಮುನ್ನ ಅದರ ಹಳೆಯ ರೂಪವನ್ನೂ ಹಳೆಯ ಅರ್ಥವನ್ನೂ ನೆರೆಯ ಭಾಷೆಗಳ ಸಾಕ್ಷ್ಯವನ್ನೂ ವಿಚಾರಿಸಬೇಕು. ಕಿವಿಯೊಂದನ್ನೇ ನಂಬಿದರೆ, ಅನ್ಯರನ್ನು ಬಂಧುಗಳೆಂದು ಕರೆದು ಸ್ವಂತ ಬಂಧುಗಳನ್ನೇ ಹೊರಗೆ ನಿಲ್ಲಿಸಿದಂತಾದೀತು.