ಮನೆಯೊಳಗಿನ ನಿಸ್ತಂತು ಜಾಲ: ಒಬ್ಬ ವೈದ್ಯನ ಅನುಭವ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಮೇರಿಲ್ಯಾಂಡಿನಿಂದ ಅಟ್ಲಾಂಟದವರೆಗೆ ನನ್ನನ್ನು ಕರೆಸಿಕೊಂಡು, ಊಟಕ್ಕೆ ಮುಂಚಿನ ಅರ್ಧ ಗಂಟೆಯನ್ನು ನನ್ನ ಕೈಗೊಪ್ಪಿಸಿದ ತಮ್ಮ ಧೈರ್ಯಕ್ಕೆ ಮೊದಲು ವಂದನೆಗಳು. ವೈದ್ಯನನ್ನು ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತೆತ್ತಿ ಹೋಳಿಗೆಯ ರುಚಿಯನ್ನು ಕೆಡಿಸಿಬಿಡುತ್ತಾನೆ ಎಂಬ ಭಯ ತಮಗಿರಬಹುದು. ಇಂದು ಆ ಭಯ ಬೇಡ. ನಮ್ಮ ಮನೆಗಳ ಬಾಗಿಲು, ದೀಪ, ಬೀಗಗಳಿಗೆ ನಾವೇ ಅಂಟಿಸಿಕೊಂಡಿರುವ ಪುಟ್ಟ ಪುಟ್ಟ ನಿಸ್ತಂತು ಉಪಕರಣಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ತಂತ್ರಜ್ಞನಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಬಾಲ್ಟಿಮೋರಿನಲ್ಲಿ ರೆಸಿಡೆನ್ಸಿ ಮಾಡಿ, ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ವಯಸ್ಸಾದವರ ನಾಡಿ ಹಿಡಿಯುತ್ತ ಬಂದವನು. ನನ್ನ ಮಾತಿನಲ್ಲಿ ತಪ್ಪಿದ್ದರೆ ಇಲ್ಲಿ ಕುಳಿತಿರುವ ಸಾಫ್ಟ್‌ವೇರ್ ತಜ್ಞರು ಊಟದ ಪಂಕ್ತಿಯಲ್ಲಿ ತಿದ್ದಬಹುದು. ಆದರೆ ನನ್ನ ಮನೆಯಲ್ಲಿ ನಡೆದ ಒಂದು ಪ್ರಮಾದ ನನ್ನದೇ ಆದುದರಿಂದ, ಅದನ್ನು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಿಂದ ತಾಯಿಯವರನ್ನು ನಮ್ಮಲ್ಲಿಗೆ ಕರೆತಂದೆವು. 2018ರ ಹೊತ್ತಿಗೆ ಅವರಲ್ಲಿ ಮರೆವಿನ ರೋಗದ ಮೊದಲ ಲಕ್ಷಣಗಳು ಕಾಣಿಸಿಕೊಂಡವು. ಹಗಲಲ್ಲಿ ಎಲ್ಲವೂ ಸರಿಯಾಗಿದ್ದು, ನಸುಕಿನಲ್ಲಿ ಮಾತ್ರ ಅವರಿಗೆ ಊರಿನ ಮನೆಯಲ್ಲಿಯೇ ಇದ್ದಂತೆ ಭಾಸವಾಗುತ್ತಿತ್ತು. ಈ ರೋಗವಿರುವ ಹತ್ತು ಜನರಲ್ಲಿ ಆರು ಮಂದಿ ಒಮ್ಮೆಯಾದರೂ ದಿಕ್ಕು ತಪ್ಪಿ ಅಲೆಯುತ್ತಾರೆಂದು ಇಲ್ಲಿನ ಅಲ್ಝೈಮರ್ಸ್ ಅಸೋಸಿಯೇಷನ್ ಹೇಳುತ್ತದೆ. ಅದನ್ನು ಬಲ್ಲ ನಾನು ಮನೆಯ ಮೂರು ಬಾಗಿಲುಗಳಿಗೂ ಸೆನ್ಸರ್ ಅಂಟಿಸಿದೆ. ನೆಲಮಾಳಿಗೆಯಲ್ಲಿ ರೌಟರಿನ ಪಕ್ಕ ನಿಯಂತ್ರಕದ ಪೆಟ್ಟಿಗೆಯನ್ನಿಟ್ಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾವ ಬಾಗಿಲು ತೆರೆದರೂ ನನ್ನ ತಲೆದಿಂಬಿನ ಬಳಿಯ ಫೋನು ಕೂಗಬೇಕು. ಪರೀಕ್ಷಿಸಿ ನೋಡಿದೆ, ಕೂಗಿತು. ನಿಶ್ಚಿಂತೆಯಿಂದ ಮಲಗಿದೆ.

2019ರ ಆಗಸ್ಟಿನಲ್ಲಿ ನಮ್ಮ ಮಗಳು ಓದಲು ನಾರ್ತ್ ಕ್ಯಾರೊಲೈನದ ಚಾಪೆಲ್ ಹಿಲ್‌ಗೆ ಹೊರಟಳು. ಊಟದ ಕೋಣೆಯ ಮೂಲೆಯಲ್ಲಿದ್ದ ಮೇಜುದೀಪ ಅವಳಿಗೆ ಪ್ರಿಯವಾದದ್ದು. ಅದನ್ನು ಕಾರಿಗೇರಿಸಿದೆವು, ಅದರ ಬುಡದಲ್ಲಿದ್ದ ನಿಸ್ತಂತು ಪ್ಲಗ್ಗೂ ಜೊತೆಯಲ್ಲಿಯೇ ಹೋಯಿತು. ಒಂದು ದೀಪ ಕಡಿಮೆಯಾಯಿತೆಂಬುದಕ್ಕಿಂತ ಹೆಚ್ಚೇನೂ ನನಗೆ ತೋರಲಿಲ್ಲ.

ಡಿಸೆಂಬರಿನಲ್ಲಿ ಧನುರ್ಮಾಸ ಬಂತು. ಒಂದು ದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಮುಂಬಾಗಿಲಿನ ಕರೆಗಂಟೆ ಬಾರಿಸಿತು. ನಾಯಿಯನ್ನು ತಿರುಗಾಡಿಸಲು ಹೊರಟಿದ್ದ ನೆರೆಮನೆಯಾಕೆ ತಮ್ಮ ಕೋಟನ್ನು ನನ್ನ ತಾಯಿಗೆ ಹೊದಿಸಿ, ಕೈಹಿಡಿದು ನಿಂತಿದ್ದರು. ತಾಯಿಯವರ ಕೈಯಲ್ಲಿ ಹೂಬುಟ್ಟಿಯಿತ್ತು. ಪೂಜೆಗೆ ಹೂ ಕೊಯ್ಯಲು ಹಿಂಬಾಗಿಲಿನಿಂದ ಹೊರಟವರು ಬರಿಗಾಲಿನಲ್ಲಿ ಎಷ್ಟು ಹೊತ್ತು ಹುಲ್ಲಿನ ಮೇಲಿದ್ದರೋ ತಿಳಿಯದು. ಕಾಲ್ಬೆರಳುಗಳು ಮರಗಟ್ಟಿದ್ದವು. ದೇವರ ದಯೆಯಿಂದ ಉಗುರುಬೆಚ್ಚನೆಯ ನೀರಿಗೆ ಅವು ಮತ್ತೆ ಬಣ್ಣ ಪಡೆದವು. ನನ್ನ ಫೋನು ಮಾತ್ರ ಕೂಗಿರಲಿಲ್ಲ.

ಅಂದು ನೆಲಮಾಳಿಗೆಗೆ ಇಳಿದು ಉಪಕರಣಗಳ ಪಟ್ಟಿಯನ್ನು ಮೊದಲ ಬಾರಿಗೆ ಸಾವಧಾನವಾಗಿ ಓದಿದೆ. ದೀಪದ ಪ್ಲಗ್ಗಿನ ಹೆಸರಿನ ಮುಂದೆ ‘ಉತ್ತರವಿಲ್ಲ’ ಎಂದಿತ್ತು. ಹಿಂಬಾಗಿಲಿನ ಹೆಸರಿನ ಮುಂದೆ ‘ಮುಚ್ಚಿದೆ’ ಎಂದಿತ್ತು. ಅದು ಆಗಸ್ಟಿನಲ್ಲಿ ಬಂದ ಕೊನೆಯ ಸುದ್ದಿ. ನಾಲ್ಕು ತಿಂಗಳಿಂದ ಆ ಸೆನ್ಸರ್ ಕೂಗಿಕೊಂಡದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

ಏನಾಗಿತ್ತೆಂಬುದನ್ನು ಮಲೆನಾಡಿನವರು ಸುಲಭವಾಗಿ ಊಹಿಸಬಲ್ಲರು. ಮಳೆಗಾಲಕ್ಕೆ ಮುಂಚೆ ಮಾಡಿಗೆ ಹೆಂಚು ಕೈಯಾಡಿಸುವಾಗ ಅಂಗಳದಿಂದ ಮಾಡಿನವರೆಗೆ ಆಳುಗಳು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಡುವಿನವನೊಬ್ಬ ನೀರು ಕುಡಿಯಲು ಹೋದರೆ ಅಂಗಳದ ಹೆಂಚು ಅಂಗಳದಲ್ಲಿಯೇ ಉಳಿಯುತ್ತದೆ. ಡೆನ್ಮಾರ್ಕಿನ ಝೆನ್ಸಿಸ್ ಕಂಪೆನಿ ರೂಪಿಸಿದ ಝಡ್-ವೇವ್ ಪದ್ಧತಿಯೂ, ಝಿಗ್‌ಬೀ ಪದ್ಧತಿಯೂ ಇದೇ ರೀತಿಯವು. ಬ್ಯಾಟರಿಯ ಮೇಲೆ ಬದುಕುವ ಬಾಗಿಲಿನ ಸೆನ್ಸರ್ ಶಕ್ತಿಯನ್ನು ಉಳಿಸಲು ಸದಾ ನಿದ್ರೆಯಲ್ಲಿರುತ್ತದೆ. ತನ್ನ ಸುದ್ದಿ ಹೇಳಲು ಮಾತ್ರ ಏಳುತ್ತದೆ, ಇತರರ ಸುದ್ದಿಯನ್ನು ದಾಟಿಸುವುದಿಲ್ಲ. ಆ ಕೆಲಸ ಗೋಡೆಯ ವಿದ್ಯುತ್ತಿಗೆ ಅಂಟಿಕೊಂಡಿರುವ ಪ್ಲಗ್ಗು, ಸ್ವಿಚ್ಚುಗಳದು. ಝಡ್-ವೇವ್ ಜಾಲದಲ್ಲಿ ನಿಯಂತ್ರಕವೂ ಸೇರಿ 232 ಉಪಕರಣಗಳಿರಬಹುದು, ಒಂದು ಸಂದೇಶ ಹೆಚ್ಚೆಂದರೆ ನಾಲ್ಕು ಕೈಗಳನ್ನು ದಾಟಬಹುದು. ಒಂದು ದಾರಿ ತಪ್ಪಿದರೆ ಇನ್ನೊಂದನ್ನು ಹುಡುಕುವ ಜಾಣತನವೂ ಅದಕ್ಕಿದೆ. ಆದರೆ ನನ್ನ ಹಿಂಬಾಗಿಲಿಗೂ ನೆಲಮಾಳಿಗೆಗೂ ನಡುವೆ ಇದ್ದದ್ದು ಒಂದೇ ಕೈ. ಆ ಕೈಯನ್ನು ನಾನೇ ಚಾಪೆಲ್ ಹಿಲ್‌ಗೆ ಬಿಟ್ಟು ಬಂದಿದ್ದೆ.

ಆಸ್ಪತ್ರೆಯಲ್ಲಿ ಎದೆಗೆ ಅಂಟಿಸಿದ ಇಸಿಜಿ ತಂತಿ ಕಳಚಿದರೆ ಯಂತ್ರ ಕೂಗುತ್ತದೆ, ದಾದಿ ಓಡಿ ಬಂದು ಯಂತ್ರವನ್ನಲ್ಲ, ರೋಗಿಯ ಮುಖವನ್ನು ನೋಡುತ್ತಾಳೆ. ನನ್ನ ಮನೆಯಲ್ಲಿ ಆದದ್ದು ಇದರ ವಿರುದ್ಧ. ನಾಲ್ಕು ತಿಂಗಳ ಹಿಂದಿನ ಜ್ವರದ ಪಟ್ಟಿಯನ್ನು ಮಂಚಕ್ಕೆ ತೂಗುಹಾಕಿ, ರೋಗಿ ಕ್ಷೇಮವೆಂದು ನಂಬಿ ನಾನು ಮಲಗಿದ್ದೆ. ಉಪಕರಣದ ಮೌನವನ್ನು ಆರೋಗ್ಯವೆಂದು ತಿಳಿಯಬಾರದು. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಇಂಥ ಉಪಕರಣಗಳ ಕಥೆಗೆ ನಾವು ವಾಸಿಸುವ ಈ ಸೀಮೆಯ ನಂಟು ಬಹಳ. ವರ್ಜೀನಿಯದ ಟೈಸನ್ಸ್‌ನಲ್ಲಿರುವ ಅಲಾರ್ಮ್ ಡಾಟ್ ಕಾಮ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಕೊಲರಾಡೊದ ತಮ್ಮ ಮನೆಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದದ್ದು ತಿಳಿಯದೆ ಹೋಯಿತೆಂಬ ಕಾರಣದಿಂದ ಅಲೆಕ್ಸ್ ಹಾಕಿನ್ಸನ್ ಎಂಬವರು ಸಂಗಡಿಗರೊಡನೆ ಸ್ಮಾರ್ಟ್‌ಥಿಂಗ್ಸ್ ಕಟ್ಟಿದರು. 2012ರಲ್ಲಿ ವಾಷಿಂಗ್ಟನ್ನಿನಲ್ಲಿ ಆರಂಭವಾದ ಅದನ್ನು 2014ರಲ್ಲಿ ಸ್ಯಾಮ್‌ಸಂಗ್ ಕೊಂಡಿತು. ತಮ್ಮ ಅಟ್ಲಾಂಟದ ಜಾರ್ಜಿಯ ಟೆಕ್ಕಿನವರು 1990ರ ದಶಕದ ಕೊನೆಯಲ್ಲಿಯೇ ‘ಅವೇರ್ ಹೋಮ್’ ಎಂಬ ಯೋಜನೆಯನ್ನು ಕೈಗೊಂಡು, ಮೂರು ಅಂತಸ್ತಿನ, 5,040 ಚದರ ಅಡಿಯ ಪ್ರಯೋಗದ ಮನೆಯನ್ನೇ ಕಟ್ಟಿಸಿದರು. ವೃದ್ಧರು ತಮ್ಮ ಮನೆಯಲ್ಲಿಯೇ ಸುರಕ್ಷಿತವಾಗಿ ಬಾಳುವುದು ಹೇಗೆ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಈ ಕೆಲಸದಲ್ಲಿದ್ದ ಎಲಿಜಬೆತ್ ಮೈನಟ್ ಮತ್ತು ಸಂಗಡಿಗರು 2001ರಲ್ಲಿ ಒಂದು ಸೊಗಸಾದ ಕಲ್ಪನೆಯನ್ನು ಮುಂದಿಟ್ಟರು. ದೂರದಲ್ಲಿರುವ ಮಕ್ಕಳ ಮನೆಯಲ್ಲಿ ತಾಯಿಯ ಭಾವಚಿತ್ರ, ಅದರ ಚೌಕಟ್ಟಿನ ಸುತ್ತ ಚಿಟ್ಟೆಗಳು. ತಾಯಿಯ ದಿನನಿತ್ಯದ ಚಟುವಟಿಕೆಗೆ ತಕ್ಕಂತೆ ಚಿಟ್ಟೆಗಳ ಚಿತ್ರ ಬದಲಾಗುತ್ತದೆ. ತಾಯಿ ಏನು ಉಟ್ಟಿದ್ದಾಳೆ, ಯಾರೊಡನೆ ಮಾತನಾಡಿದಳು ಎಂಬುದು ಕಾಣುವುದಿಲ್ಲ. ಎದ್ದು ಓಡಾಡುತ್ತಿದ್ದಾಳೆ ಎಂಬಷ್ಟು ಸಮಾಧಾನ ಸಾಕು. ಹಿರಿಯರ ಕೋಣೆಗೆ ಕ್ಯಾಮೆರಾ ಇಡಲು ಹೊರಡುವವರು ಈ ಚಿಟ್ಟೆಗಳನ್ನು ನೆನೆಯಬೇಕೆಂದು ನನ್ನ ಪ್ರಾರ್ಥನೆ.

ಈ ಸೀಮೆ ಇನ್ನೊಂದು ಪಾಠವನ್ನೂ ಕಲಿಸಿದೆ. ನಾರ್ತ್ ಕ್ಯಾರೊಲೈನದ ಮೂರ್ಸ್‌ವಿಲ್ ಲೋವ್ಸ್ ಕಂಪೆನಿಯ ಊರು. ಅವರು 2012ರಲ್ಲಿ ಆರಂಭಿಸಿದ್ದ ‘ಐರಿಸ್’ ಎಂಬ ಮನೆ ನಿಯಂತ್ರಣ ಸೇವೆಯನ್ನು 2019ರ ಮಾರ್ಚ್ 31ರಂದು ನಿಲ್ಲಿಸಿದರು. ಮುನ್ಸೂಚನೆ ಕೊಟ್ಟು, ಗ್ರಾಹಕರಿಗೆ ಪರಿಹಾರವನ್ನೂ ಕೊಟ್ಟರು. ಆದರೆ 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಸೇವೆ ಸುಳಿವಿಲ್ಲದೆ ನಿಂತಾಗ ಗ್ರಾಹಕರು ಕಂಗೆಟ್ಟರು. ನಿಯಂತ್ರಕವನ್ನು ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇಂಟರ್ನೆಟ್ ನಿಂತ ದಿನ ಇದು ಏನೇನು ಮಾಡಬಲ್ಲುದು? ಮನೆಯೊಳಗೇ ನಿರ್ಧಾರ ಮಾಡಬಲ್ಲ ಪೆಟ್ಟಿಗೆಗೂ, ಪ್ರತಿಯೊಂದಕ್ಕೂ ದೂರದ ಕಂಪ್ಯೂಟರನ್ನು ಕೇಳುವ ಪೆಟ್ಟಿಗೆಗೂ ಬೆಲೆಯಲ್ಲಿ ವ್ಯತ್ಯಾಸ ಸ್ವಲ್ಪವಿರಬಹುದು, ಕಷ್ಟಕಾಲದಲ್ಲಿ ಅದು ಅಜಗಜಾಂತರ.

ಇನ್ನು ಆ ಪ್ರಸಂಗದ ನಂತರ ನಾನು ಅನುಸರಿಸುತ್ತಿರುವ ಕ್ರಮವನ್ನು ನಿವೇದಿಸುತ್ತೇನೆ.

ಮೊದಲನೆಯದು ಒಂದು ನೋಟುಪುಸ್ತಕ. ರೋಗಿಗೆ ಕೇಸ್ ಶೀಟ್ ಇರುವಂತೆ ಪ್ರತಿ ಉಪಕರಣಕ್ಕೂ ಒಂದು ಸಾಲು: ಎಲ್ಲಿದೆ, ಏನು ಮಾಡುತ್ತದೆ, ಬ್ಯಾಟರಿಯದೋ ಗೋಡೆಯ ವಿದ್ಯುತ್ತಿನದೋ, ಯಾವ ಬ್ಯಾಟರಿ, ಎಂದು ಹಾಕಿದ್ದು. ಹೊಸ ಝಡ್-ವೇವ್ ಉಪಕರಣಗಳ ಮೇಲೆ ಒಂದು ಸಂಕೇತ ಸಂಖ್ಯೆ ಅಚ್ಚಾಗಿರುತ್ತದೆ. ಜಾಲಕ್ಕೆ ಭದ್ರವಾಗಿ ಸೇರಿಸುವಾಗ ಅದರ ಮೊದಲ ಐದು ಅಂಕಿಗಳನ್ನು ಕೇಳುತ್ತದೆ. ಗೋಡೆಗೆ ತಿರುಪು ಬಿಗಿಯುವ ಮುನ್ನವೇ ಅದನ್ನು ಬರೆದುಕೊಳ್ಳಿ. ಹೆಸರಿಡುವಾಗ ‘ಸೆನ್ಸರ್ 7’ ಎನ್ನುವ ಬದಲು ‘ಹಿತ್ತಲ ಬಾಗಿಲು’ ಎಂದಿಡಿ. ನಡುರಾತ್ರಿ ಕಣ್ಣುಜ್ಜಿಕೊಳ್ಳುತ್ತ ಓದಿದರೂ ಅರ್ಥವಾಗಬೇಕು.

ಎರಡನೆಯದು, ಬರಮಾಡಿಕೊಳ್ಳುವುದಕ್ಕೂ ಬೀಳ್ಕೊಡುವುದಕ್ಕೂ ಕ್ರಮವಿರಲಿ. ಝಡ್-ವೇವ್ ಉಪಕರಣವೊಂದು ಒಂದು ಜಾಲಕ್ಕೆ ಸೇರಿದ ಮೇಲೆ, ಅಲ್ಲಿಂದ ಬಿಡಿಸಿಕೊಳ್ಳದೆ ಇನ್ನೊಂದನ್ನು ಸೇರದು. ಹಳೆಯ ನಿಯಂತ್ರಕ ಕೆಟ್ಟುಹೋಗಿದ್ದರೆ ಚಿಂತೆಯಿಲ್ಲ, ಹೊಸ ನಿಯಂತ್ರಕವೂ ಆ ಬಿಡುಗಡೆಯನ್ನು ಕೊಡಬಲ್ಲುದು. ಆದರೆ ಹೇಳದೆ ಕೇಳದೆ ಕಿತ್ತು ಒಯ್ದರೆ ಅದರ ಹೆಸರು ಪಟ್ಟಿಯಲ್ಲಿ ಪ್ರೇತದಂತೆ ಉಳಿಯುತ್ತದೆ. ನಿಯಂತ್ರಕ ಅದನ್ನು ಕೂಗಿ ಕರೆಯುತ್ತ ಕಾಲ ಕಳೆದು, ಬದುಕಿರುವ ಉಪಕರಣಗಳ ಕೆಲಸವೂ ನಿಧಾನವಾಗುತ್ತದೆ. ಅಂಥವನ್ನು ಪಟ್ಟಿಯಿಂದ ತೆಗೆದುಹಾಕಿ, ಜಾಲದ ದಾರಿಗಳನ್ನು ಮತ್ತೆ ಲೆಕ್ಕ ಹಾಕಲು ಆಜ್ಞೆ ಕೊಡಬೇಕು. ಮನೆ ಮಾರಿ ಬೇರೆ ಊರಿಗೆ ಹೊರಡುವಾಗ ಬೀಗದ ಗುಪ್ತಸಂಖ್ಯೆಗಳನ್ನೆಲ್ಲ ಅಳಿಸಿಯೇ ಹೊರಡಬೇಕು.

ಮೂರನೆಯದು ಪರೀಕ್ಷೆ. ನಮ್ಮ ಮನೆಯಲ್ಲಿ ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ನೋಟುಪುಸ್ತಕ ಹಿಡಿದು ಮನೆಯೆಲ್ಲ ಸುತ್ತುತ್ತೇವೆ. ಪ್ರತಿ ಬಾಗಿಲನ್ನೂ ಕೈಯಾರೆ ತೆರೆದು, ಫೋನು ಕೂಗಿದ ಮೇಲೆಯೇ ಗುರುತು ಹಾಕುತ್ತೇವೆ. ಮುಖ್ಯವಾದ ಬಾಗಿಲಿಗೂ ನಿಯಂತ್ರಕಕ್ಕೂ ನಡುವೆ ಕಡಿಮೆಯೆಂದರೆ ಎರಡು ದಾರಿಗಳಿವೆಯೇ ಎಂದು ನೋಡುತ್ತೇವೆ. ಪ್ಲಗ್ಗುಗಳ ಮೇಲೆ ‘ತೆಗೆಯಬೇಡಿ’ ಎಂಬ ಚೀಟಿಯಿದೆ. ಹೊಗೆಯ ಅಲಾರಮ್ಮುಗಳಿಗೆ ಮಾತ್ರ ಇಷ್ಟು ಸಾಲದು, ಅವನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ತಯಾರಾದ ಹತ್ತು ವರ್ಷಕ್ಕೆ ಬದಲಾಯಿಸಬೇಕು. ಒಗ್ಗರಣೆಗೆ ಕೂಗುತ್ತದೆಂದು ಬ್ಯಾಟರಿ ಕಿತ್ತಿಟ್ಟವರು ಈ ಸಭೆಯಲ್ಲಿ ಯಾರೂ ಇರಲಾರರೆಂದು ನಂಬಿದ್ದೇನೆ!

ನಾಲ್ಕನೆಯದು, ಈ ವಿದ್ಯೆ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು. ನಮ್ಮ ಮನೆಗಳಲ್ಲಿ ಗುಪ್ತಪದಗಳೆಲ್ಲ ಸಾಮಾನ್ಯವಾಗಿ ಯಜಮಾನರ ಬಳಿ, ಆ ಯಜಮಾನರು ತಿಂಗಳಿಗೆರಡು ಬಾರಿ ಪ್ರವಾಸದಲ್ಲಿ. ಪತ್ನಿಗೂ ಬೆಳೆದ ಮಕ್ಕಳಿಗೂ ನೋಟುಪುಸ್ತಕ ಎಲ್ಲಿದೆಯೆಂದು ತಿಳಿದಿರಲಿ. ಕಂಪೆನಿ ಹಾಕಿ ಕಳುಹಿಸಿದ ಗುಪ್ತಪದವನ್ನು ಅಂದೇ ಬದಲಾಯಿಸಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕ್ಯಾಮೆರಾ, ರೌಟರುಗಳನ್ನು ಸಾಮೂಹಿಕವಾಗಿ ವಶಪಡಿಸಿಕೊಂಡದ್ದು ಇಂಥ ಬದಲಾಯಿಸದ ಗುಪ್ತಪದಗಳ ಮೂಲಕವೇ.

ಕೊನೆಯದಾಗಿ ಊರಿನಲ್ಲಿ ತಂದೆ ತಾಯಿಯರಿರುವವರಿಗೆ ಒಂದು ಮಾತು. ಇಲ್ಲಿನ ಅಂಗಡಿಯಿಂದ ಝಡ್-ವೇವ್ ಸೆನ್ಸರುಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡಿ. ಇಲ್ಲಿ ಅವು 908 ಮೆಗಾಹರ್ಟ್ಝ್ ಸುಮಾರಿನಲ್ಲಿ ಮಾತನಾಡುತ್ತವೆ, ಭಾರತದಲ್ಲಿ ಅವುಗಳಿಗೆ ಗೊತ್ತುಮಾಡಿರುವುದು 865 ಮೆಗಾಹರ್ಟ್ಝ್. ಅಲ್ಲಿನ ನಿಯಂತ್ರಕಕ್ಕೆ ಇಲ್ಲಿನ ಸೆನ್ಸರಿನ ಮಾತು ಕೇಳಿಸದು, ಅಲ್ಲಿನ ನಿಯಮಕ್ಕೂ ಅದು ವಿರುದ್ಧ. ಪ್ಲಗ್ಗುಗಳಂತೂ 120 ವೋಲ್ಟಿನವು, ಅಲ್ಲಿರುವುದು 230. ಬೇಕಾದುದನ್ನು ಅಲ್ಲಿಯೇ ಕೊಳ್ಳಿ. ಅದಕ್ಕಿಂತ ಮುಂಚೆ, ಬೇಕೇ ಎಂದು ಅವರನ್ನೇ ಕೇಳಿ.

ನಾನು ನನ್ನ ತಾಯಿಯನ್ನು ಕೇಳಿರಲಿಲ್ಲ. ಆ ಪ್ರಸಂಗವಾದ ಮೇಲೆ, ಹಗಲಿನ ಸ್ಪಷ್ಟ ಹೊತ್ತಿನಲ್ಲಿ, ಬಾಗಿಲಿಗೆ ಏನನ್ನು ಅಂಟಿಸಿದ್ದೇನೆ, ಏಕೆ ಎಂಬುದನ್ನೆಲ್ಲ ಅವರಿಗೆ ವಿವರಿಸಿದೆ. ಶಾಂತವಾಗಿ ಕೇಳಿ, ತಾವು ಊರಿನಿಂದ ತಂದಿದ್ದ ಹಸುವಿನ ಕೊರಳ ಗಂಟೆಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟರು. “ಇದನ್ನೂ ಬಾಗಿಲಿಗೆ ಕಟ್ಟು. ನಿನ್ನ ಪೆಟ್ಟಿಗೆ ನಿಂಗೆ ಮಾತ್ರ ಹೇಳ್ತದೆ. ಗಂಟೆ ಆದ್ರೆ ನಂಗೂ ಹೇಳ್ತದೆ” ಎಂದರು.

ಕಟ್ಟಿದೆ. ಅದಕ್ಕೆ ಬ್ಯಾಟರಿ ಬೇಡ, ಗುಪ್ತಪದ ಬೇಡ. ಹಿತ್ತಲ ಬಾಗಿಲು ತೆರೆದಾಗ ಅದು ಒಮ್ಮೆ ಸದ್ದು ಮಾಡುತ್ತದೆ, ತಾಯಿಯವರು ನಿಂತು ಸುತ್ತಲೂ ನೋಡುತ್ತಿದ್ದರು. ಎಷ್ಟೋ ಸಲ ಅಷ್ಟರಲ್ಲಿಯೇ ತಾವೆಲ್ಲಿದ್ದೇವೆಂಬುದು ಅವರಿಗೆ ನೆನಪಾಗುತ್ತಿತ್ತು. ನಮ್ಮ ನೋಟುಪುಸ್ತಕದಲ್ಲಿ ಆ ಗಂಟೆಗೂ ಒಂದು ಸಾಲಿದೆ.

ಮನೆಗೆ ಹಿಂತಿರುಗಿದ ಮೇಲೆ ಒಂದು ಬಾಗಿಲನ್ನಾದರೂ ತೆರೆದು ಪರೀಕ್ಷಿಸಿ ನೋಡಿ.