ನರದ ಕಾಯಿಲೆಯವರಿಗೆ ಕಾಕ್ಲಿಯರ್ ಇಂಪ್ಲಾಂಟ್
(ಶ್ರವಣ ತಪಾಸಣಾ ಶಿಬಿರದಲ್ಲಿ ವೈದ್ಯರು ಮಾಡಿದ ಉಪನ್ಯಾಸ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೋಗಿಗಳ ಮನೆಯವರು ಕೇಳುವುದುಂಟು: “ಡಾಕ್ಟ್ರೇ, ನರದ ಕಾಯಿಲೆ ಜೊತೆಗೆ ಇವರಿಗೆ ಕಿವಿಯೂ ಹೋಯಿತು. ತೋಟ ಅಡವಿಟ್ಟಾದರೂ ಆ ಮಿಷಿನ್ ಹಾಕಿಸೋಣವೇ?” ಅಡವಿಡುವ ಮುನ್ನ ಕೆಟ್ಟಿರುವುದು ಎಲ್ಲಿ ಎಂದು ತಿಳಿಯಬೇಕು.

ಶಂಖದಂತೆ ಸುತ್ತಿಕೊಂಡ ಒಳಕಿವಿಯಲ್ಲಿ ಸೂಕ್ಷ್ಮ ರೋಮಕೋಶಗಳಿವೆ. ಅವು ಶಬ್ದವನ್ನು ನರಕ್ಕೆ ಮುಟ್ಟಿಸುತ್ತವೆ, ನರ ಮೆದುಳಿಗೆ ಒಯ್ಯುತ್ತದೆ. ರೋಮಕೋಶಗಳು ನಾಶವಾದವರಲ್ಲಿ ಇಂಪ್ಲಾಂಟ್ ನೇರವಾಗಿ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ. ನಿಮ್ಮ ಕೊಳವೆಬಾವಿಯನ್ನೇ ನೋಡಿ. ಸ್ಟಾರ್ಟರ್ ಸುಟ್ಟರೆ ಹೊಸದು ಹಾಕಿದರಾಯಿತು. ಮೋಟಾರಿಗೆ ಹೋಗುವ ಕೇಬಲ್ಲೇ ಹಾಳಾಗಿದ್ದರೆ ಹೊಸ ಸ್ಟಾರ್ಟರ್ ಏನು ಮಾಡೀತು?

ನಡುಕದ ಕಾಯಿಲೆ, ಅಂದರೆ ಪಾರ್ಕಿನ್‌ಸನ್ ಇರುವ ಅಜ್ಜನಿಗೆ ವಯಸ್ಸಿನಿಂದಲೇ ಕಿವಿ ಮಂದವಾಗಿರಬಹುದು. ಅಂಥವರಲ್ಲಿ ಅನೇಕರಿಗೆ ಸಾಮಾನ್ಯ ಶ್ರವಣ ಸಾಧನವೇ ಸಾಕಾಗುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲೇ ನಡಿಗೆ ತೂರಾಡಿಸುವ ಫ್ರೀಡ್ರೈಕ್ ಅಟಾಕ್ಸಿಯದಂಥ ಆನುವಂಶಿಕ ಕಾಯಿಲೆಯಲ್ಲಿ ಶ್ರವಣ ನರವೇ ಸವೆಯಬಹುದು. ಇವರ ತೊಂದರೆ ವಿಚಿತ್ರ. ಅಟ್ಟದ ಕಾಯಿ ಅಲ್ಲಾಡಿಸಿದರೆ ಒಳಗಿನ ಗಿಟುಕಿನ ಸದ್ದು ಕೇಳುತ್ತದೆ. ಎದುರು ಕೂತ ಅವ್ವನ ಮಾತು ಮಾತ್ರ ತಿಳಿಯದು. “ಬೇಕಾದ್ದು ಕೇಳಿಸುತ್ತೆ” ಎಂದು ಮನೆಯವರು ರೇಗುತ್ತಾರೆ. ದಯವಿಟ್ಟು ರೇಗಬೇಡಿ, ಅದು ನಟನೆಯಲ್ಲ. ಇಂಥವರಲ್ಲಿ ಇಂಪ್ಲಾಂಟ್ ಕೆಲವರಿಗೆ ನೆರವಾಗಿದೆ, ಕೆಲವರಿಗೆ ಆಗಿಲ್ಲ. ನರ ಮತ್ತಷ್ಟು ಸವೆದರೆ ಸಿಕ್ಕ ಲಾಭವೂ ಕುಗ್ಗಬಹುದು.

ಓಎಇ ಪರೀಕ್ಷೆಯಿಂದ ರೋಮಕೋಶಗಳ, ಬೇರಾ ಪರೀಕ್ಷೆಯಿಂದ ನರದ ಸ್ಥಿತಿ ತಿಳಿಯುತ್ತದೆ. ಎರಡರಲ್ಲೂ ನೋವಿಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವನ್ನು ಮಾಡುತ್ತಾರೆ. ನರರೋಗ ಯಾವುದೆಂದು ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ಇದೆ. ಎರಡೂ ಕಡೆಯ ವರದಿ ಶಸ್ತ್ರವೈದ್ಯರ ಕೈ ಸೇರಲಿ.

ಅವರನ್ನು ಸಂಕೋಚವಿಲ್ಲದೆ ಕೇಳಿ. ಒಳಗೆ ಕೂರಿಸುವ ಸಾಧನದಲ್ಲಿ ಅಯಸ್ಕಾಂತ ಇರುತ್ತದೆ. ನರರೋಗಿಗೆ ಮುಂದೆಯೂ ಎಂ.ಆರ್.ಐ. ಬೇಕಾದೀತು, ಈ ಮಾದರಿಗೆ ಅದು ಒಗ್ಗುತ್ತದೆಯೇ? ಅಳಿದುಳಿದ ಶ್ರವಣವೂ ಆಪರೇಷನ್ನಿನಿಂದ ಹೋಗಬಹುದೇ? (ಹೋಗಬಹುದು.) ಆಪರೇಷನ್ ಆದ ದಿನವೇ ಕೇಳಿಸುವುದಿಲ್ಲ. ಕೆಲವು ವಾರ ಬಿಟ್ಟು ಸಾಧನ ಚಾಲೂ ಮಾಡುತ್ತಾರೆ, ಅದನ್ನು ಹೊಂದಿಸಲು ಮತ್ತೆ ಮತ್ತೆ ಹೋಗಬೇಕು. ನಡುಗುವ ಕೈಗೆ ಬ್ಯಾಟರಿ ಬದಲಿಸಲಾಗದು. ಮನೆಯಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಕೇಂದ್ರದ ಎಡಿಪ್ ಯೋಜನೆಯ ಉಚಿತ ಇಂಪ್ಲಾಂಟ್ ಮಕ್ಕಳಿಗಾಗಿ ಇರುವುದು, ದೊಡ್ಡವರ ಖರ್ಚಿನ ಲೆಕ್ಕ ಮೊದಲೇ ಹಾಕಿ.

ಅಲ್ಲಿಯವರೆಗೆ ಟಿ.ವಿ. ಆರಿಸಿ, ಬೆಳಕಿಗೆ ಮುಖ ಮಾಡಿ ಕೂತು ನಿಧಾನವಾಗಿ ಮಾತನಾಡಿ. ಕೂಗಬೇಡಿ. ತಿಳಿಯದ ಮಾತನ್ನು ಸ್ಲೇಟಿನ ಮೇಲೆ ಬರೆದು ತೋರಿಸಿ.