ಕೊಳಗ ಯಾರ ಕೈಯಲ್ಲಿದೆ? – ಡಿಜಿಟಲ್ ಕೃಷಿಯೂ ಮಲೆನಾಡಿನ ಅನ್ನವೂ

(ಅಂಜನಾಪುರದಲ್ಲಿ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ರೈತರು ಮತ್ತು ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ಡಿಜಿಟಲ್ ಕೃಷಿ ಎಂದೊಡನೆ ಡ್ರೋನು, ಉಪಗ್ರಹಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಅವೆಲ್ಲ ನಾಳಿನ ಮಾತೆಂದು ನಾವು ಸುಮ್ಮನಿದ್ದುಬಿಡುತ್ತೇವೆ. ಆದರೆ ಅದು ಈಗಾಗಲೇ ನಮ್ಮ ಗದ್ದೆಯ ಅಂಚಿಗೆ ಬಂದು ನಿಂತಿದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಸೇರಿತು. ಅನಂತರ ಬೆಳೆ ವಿಮೆಗೆ ‘ಸಂರಕ್ಷಣೆ’, ರೈತರ ನೋಂದಣಿಗೆ ‘ಫ್ರೂಟ್ಸ್’, ಮೊಬೈಲಿನಲ್ಲಿ ಬೆಳೆ ಸಮೀಕ್ಷೆ, ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಬಂದವು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಮಿಷನ್ನಿಗೆ ಒಪ್ಪಿಗೆ ನೀಡಿತು. ಇವೆಲ್ಲವೂ ಅಳತೆಯ ಸಾಧನಗಳು. ನಮ್ಮ ಬೆಳೆ ಎಷ್ಟು, ಬಿದ್ದ ಮಳೆ ಎಷ್ಟು, ಆದ ನಷ್ಟ ಎಷ್ಟು ಎಂಬುದನ್ನು ಇವು ಅಳೆಯುತ್ತವೆ.

ಅಳತೆಯ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಅವರ ದೂರುಗಳಲ್ಲಿ ಮುಖ್ಯವಾದುದು ಗೇಣಿ ಅಳೆಯುವ ಕೊಳಗದ್ದು. ಅಳೆಯುವವನ ಕೊಳಗ ದೊಡ್ಡದಾದರೆ ಬೆಳೆದವನ ಕಣಜ ಬರಿದಾಗುತ್ತದೆ. ಆ ಮರದ ಕೊಳಗ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ರೈತರು ಅದನ್ನು ಪ್ರಶ್ನಿಸಿದರು. ಇಂದಿನ ಕೊಳಗ ಕಣ್ಣಿಗೆ ಕಾಣದು. ಅದನ್ನು ಕಾಣುವುದು, ಓದುವುದು, ತಪ್ಪಿದ್ದರೆ ಆಕ್ಷೇಪಿಸುವುದು ಹೇಗೆಂಬುದೇ ಇಂದಿನ ನನ್ನ ವಿಷಯ.

ಬೆಳೆ ಸಮೀಕ್ಷೆ

ಮೊದಲು ಬೆಳೆ ಸಮೀಕ್ಷೆಯನ್ನು ತೆಗೆದುಕೊಳ್ಳೋಣ. 2020ರ ಮುಂಗಾರಿನಿಂದ ರೈತರೇ ತಮ್ಮ ಜಮೀನಿನಲ್ಲಿ ನಿಂತು, ಮೊಬೈಲಿನಲ್ಲಿ ಫೋಟೋ ತೆಗೆದು ಬೆಳೆ ದಾಖಲಿಸುವ ಅವಕಾಶವಿದೆ. ರೈತರು ಮಾಡದೆ ಉಳಿದ ತಾಕುಗಳನ್ನು ಊರಿನಲ್ಲಿ ನೇಮಕವಾದ ಖಾಸಗಿ ನಿವಾಸಿಗಳು ದಾಖಲಿಸುತ್ತಾರೆ. ಈ ದಾಖಲೆಯೇ ಪಹಣಿಯ ಬೆಳೆ ಕಾಲಮ್ಮಿಗೂ ವಿಮೆಯ ಪರಿಶೀಲನೆಗೂ ಬೆಂಬಲ ಬೆಲೆಯ ಖರೀದಿಗೂ ಆಧಾರ. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿರುವ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರಕ್ಕೆ ತಡೆ ಬೀಳುತ್ತದೆ.

ಬಯಲುಸೀಮೆಯ ಹೊಲದಲ್ಲಿ ಒಂದು ತಾಕಿಗೆ ಒಂದು ಬೆಳೆ ಎಂದು ಬರೆದರೆ ಬಹುಪಾಲು ಸಾಕಾಗಬಹುದು. ನಮ್ಮಲ್ಲಿ ಹಾಗಲ್ಲ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ನಡುವೆ ಬಾಳೆ ಇರುತ್ತದೆ. ಗದ್ದೆಯಲ್ಲಿ ಅಡಿಕೆ ಸಸಿ ನೆಟ್ಟು, ಅದು ಮೇಲೇಳುವವರೆಗೆ ಸಾಲುಗಳ ಮಧ್ಯೆ ಬೇರೊಂದು ಬೆಳೆ ತೆಗೆಯುವವರಿದ್ದಾರೆ. ಅವಸರದಲ್ಲಿ ಬಂದವರು ಅಡಿಕೆ ಎಂದಷ್ಟೇ ಬರೆದು ಹೋದರೆ ಉಳಿದ ಬೆಳೆಗಳು ಕಾಗದದ ಮೇಲೆ ಇಲ್ಲವೇ ಇಲ್ಲ. ದಾಖಲಾದುದನ್ನು ನೋಡಲು ಮತ್ತು ಆಕ್ಷೇಪ ಸಲ್ಲಿಸಲು ‘ಬೆಳೆ ದರ್ಶಕ’ ಎಂಬ ಆಪ್ ಇದೆ. ಆಕ್ಷೇಪಕ್ಕೆ ಅವಧಿಯುಂಟು. ಅವಧಿ ಮುಗಿದ ಮೇಲೆ ಕಚೇರಿಗಳಿಗೆ ಅಲೆದು ಫಲವಿಲ್ಲ.

ವಿಮೆಯ ಲೆಕ್ಕ

2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ಶೇಕಡ 2. ಇಲ್ಲಿ ಪ್ರತಿಯೊಬ್ಬರ ಗದ್ದೆಯನ್ನು ಅಳೆಯುವುದಿಲ್ಲ. ಪ್ರಮುಖ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡಿನಲ್ಲಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಆ ನಾಲ್ಕು ತುಂಡುಗಳ ಇಳುವರಿಯೇ ಇಡೀ ಪಂಚಾಯಿತಿಯ ಇಳುವರಿ. ಅದನ್ನು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯಿಂದ ಲೆಕ್ಕಹಾಕಿದ ಖಾತರಿ ಇಳುವರಿಯೊಡನೆ ಹೋಲಿಸುತ್ತಾರೆ. ಎಕರೆಗೆ ಖಾತರಿ 12 ಕ್ವಿಂಟಾಲ್ ಇದ್ದು, ಪ್ರಯೋಗದಲ್ಲಿ 9 ಕ್ವಿಂಟಾಲ್ ಬಂದರೆ ವಿಮಾ ಮೊತ್ತದ ಕಾಲುಭಾಗ ಪರಿಹಾರ. 12 ಬಂದರೆ ಏನೂ ಇಲ್ಲ, ನಿಮ್ಮೊಬ್ಬರ ಗದ್ದೆ ಪೂರ್ತಿ ಹೋಗಿದ್ದರೂ ಸಹ.

ಹಾಗಾಗಿ ಕಟಾವು ಪ್ರಯೋಗ ನಡೆಯುವ ದಿನ ಊರಿನವರು ಅಲ್ಲಿ ನಿಂತು ನೋಡುವುದು ಮುಖ್ಯ. ಅಳತೆ ಸರಿಯೇ, ತೂಕ ಸರಿಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಭತ್ತದ ಇಳುವರಿ ಅಂದಾಜಿನಲ್ಲಿ ತಂತ್ರಜ್ಞಾನ ಆಧಾರಿತ ಲೆಕ್ಕಕ್ಕೂ ಶೇಕಡ 30ರ ತೂಕ ಕೊಡುವ ಕ್ರಮವನ್ನು 2023ರ ಮುಂಗಾರಿನಿಂದ ಕೇಂದ್ರ ತಂದಿದೆ. ಮಳೆಗಾಲದಲ್ಲಿ ಮಲೆನಾಡಿನ ಮೇಲೆ ಮೋಡ ಕವಿದಿರುವಾಗ ಸಾಮಾನ್ಯ ಉಪಗ್ರಹದ ಕಣ್ಣಿಗೆ ಗದ್ದೆ ಕಾಣದು. ರೇಡಾರ್ ಉಪಗ್ರಹ ಮೋಡದಾಚೆಯೂ ನೋಡಬಲ್ಲದು. ಆದರೆ ಕಾನಿನ ನೆರಳಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹತ್ತು ಗುಂಟೆಯ ಗದ್ದೆಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಅದಕ್ಕೂ ಸುಲಭವಲ್ಲ. ನೆಲದ ಮೇಲೆ ನಿಂತು ಮಾಡಿದ ಸರಿಯಾದ ದಾಖಲೆಯೇ ಅದಕ್ಕೂ ಒರೆಗಲ್ಲು.

ಅಡಿಕೆ, ಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ಇಳುವರಿಯನ್ನೇ ನೋಡುವುದಿಲ್ಲ, ಮಳೆಮಾಪಕದ ಅಂಕಿಯನ್ನು ನೋಡುತ್ತಾರೆ. ಒಂದೇ ಪಂಚಾಯಿತಿಯಲ್ಲಿ ಗುಡ್ಡದ ಆ ಮಗ್ಗುಲಿಗೆ ಸುರಿದ ಮಳೆ ಈ ಮಗ್ಗುಲಿಗೆ ಇರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮಾಪಕ ಕೆಟ್ಟು ನಿಂತರಂತೂ ಕೊಳೆರೋಗದ ಮಳೆಯೂ ಲೆಕ್ಕಕ್ಕೆ ಸಿಗದು.

ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯ. ಕಾಡುಪ್ರಾಣಿಗಳಿಂದಾಗುವ ಬೆಳೆ ನಷ್ಟವನ್ನೂ ಭತ್ತದ ಗದ್ದೆ ಮುಳುಗಡೆಯನ್ನೂ 2026ರ ಮುಂಗಾರಿನಿಂದ ವಿಮೆಯೊಳಗೆ ತರುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಮುಳುಗಡೆಯನ್ನು 2018ರಲ್ಲಿ ಕೈಬಿಡಲಾಗಿತ್ತು. ವರದೆ, ದಂಡಾವತಿಗಳ ನೆರೆಗೆ ಸಿಗುವ ಸೊರಬದ ಗದ್ದೆಗಳಿಗೆ, ಹಂದಿ, ಮಂಗಗಳ ಕಾಟವಿರುವ ಕಾಡಂಚಿನ ಊರುಗಳಿಗೆ ಇದು ದೊಡ್ಡ ಮಾತು. ಆದರೆ ನಿಯಮವನ್ನು ಗಮನಿಸಿ. ನಷ್ಟವಾದ 72 ಗಂಟೆಗಳೊಳಗೆ ಸ್ಥಳದ ಗುರುತಿರುವ ಫೋಟೋ ಸಹಿತ ಆಪ್‌ನಲ್ಲಿ ತಿಳಿಸಬೇಕು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ಹಿಂದಿನ ವರ್ಷಗಳ ಅಂಕಿ-ಅಂಶಗಳ ಆಧಾರದ ಮೇಲೆ ರಾಜ್ಯ ಸರಕಾರ ಅಧಿಸೂಚಿಸಬೇಕು. ಹಂದಿ ನುಗ್ಗಿದ ರಾತ್ರಿಗಳನ್ನು ನಾವು ಎಲ್ಲಿಯೂ ಬರೆದಿಡದಿದ್ದರೆ ಆ ಅಂಕಿ-ಅಂಶ ಎಲ್ಲಿಂದ ಬರಬೇಕು?

ಅನ್ನದ ಲೆಕ್ಕ

ಇಷ್ಟೆಲ್ಲ ಅಳತೆಗಳ ನಡುವೆ ಒಂದನ್ನು ಯಾರೂ ಊರಿನ ಮುಂದೆ ಇಡುತ್ತಿಲ್ಲ. ಈ ಊರು ತಾನುಣ್ಣುವ ಅನ್ನದಲ್ಲಿ ಎಷ್ಟನ್ನು ತಾನೇ ಬೆಳೆಯುತ್ತಿದೆ? ಲೆಕ್ಕ ಕಷ್ಟದ್ದಲ್ಲ. ತಲೆಗೆ ದಿನಕ್ಕೆ 400 ಗ್ರಾಂ ಅಕ್ಕಿ ಎಂದುಕೊಂಡರೆ ಐದು ಜನರ ಮನೆಗೆ ದಿನಕ್ಕೆ 2 ಕಿಲೋ, ವರ್ಷಕ್ಕೆ 730 ಕಿಲೋ. ಭತ್ತ ಗಿರಣಿಗೆ ಹೋದರೆ ಸುಮಾರು ಮೂರರಲ್ಲಿ ಎರಡು ಪಾಲು ಅಕ್ಕಿಯಾಗುತ್ತದೆ. ಅಂದರೆ ಮನೆಗೆ ಸುಮಾರು 11 ಕ್ವಿಂಟಾಲ್ ಭತ್ತ ಬೇಕು. ಮಳೆ ಹದವಾಗಿ ಬಂದ ವರ್ಷ ಒಂದು ಎಕರೆ ಮಳೆಯಾಶ್ರಿತ ಗದ್ದೆ ಅಷ್ಟನ್ನು ಕೊಡಬಲ್ಲದು. ಹೀಗಾಗಿ ಒಂದು ಎಕರೆ ಗದ್ದೆ ತೋಟವಾಯಿತೆಂದರೆ ಒಂದು ಮನೆಯ ವರ್ಷದ ಅನ್ನ ಹೊರಗಿನಿಂದ ಬರಬೇಕೆಂದು ಅರ್ಥ.

ತೋಟ ಮಾಡಿದವರನ್ನು ನಾನು ದೂರುವುದಿಲ್ಲ. ಭತ್ತದಲ್ಲಿ ಕೂಲಿಯೂ ಗಿಟ್ಟದಿರುವಾಗ ಅಡಿಕೆಯತ್ತ, ಶುಂಠಿಯತ್ತ, ಮೆಕ್ಕೆಜೋಳದತ್ತ ಹೊರಳುವುದು ಸಹಜ. ಆದರೆ ಹೊರಗಿನ ಅಕ್ಕಿ ಎಷ್ಟು ನೆಚ್ಚಿಗೆಯದು? 2023ರ ಜೂನಿನಲ್ಲಿ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರಾಟದ ಅಕ್ಕಿಯನ್ನು ನಿಲ್ಲಿಸಿದಾಗ, ನಮ್ಮ ರಾಜ್ಯ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಕೊಡಬೇಕಾಯಿತು. ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾದುದು 2025ರ ಫೆಬ್ರವರಿಯಲ್ಲಿ. ಅದೇ 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ಬರವೂ ಅಕ್ಕಿಯ ಕೊರತೆಯೂ ಜೊತೆಯಾಗಿಯೇ ಬರುತ್ತವೆ.

ಹಸಿವನ್ನು ಮೊದಲೇ ಕಾಣುವ ಅಳತೆಯೂ ಪರರ ಕೈಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಜಗತ್ತಿನ ಒಂದು ಉದಾಹರಣೆ ಕೊಡುತ್ತೇನೆ. ಇಥಿಯೋಪಿಯದ ಕ್ಷಾಮದ ಬಳಿಕ 1985ರಲ್ಲಿ ಅಮೆರಿಕ ಒಂದು ಕ್ಷಾಮ ಮುನ್ನೆಚ್ಚರಿಕೆ ಜಾಲವನ್ನು ಸ್ಥಾಪಿಸಿತು. ಮಳೆ, ಬೆಳೆ, ಧಾರಣೆಗಳನ್ನು ನೋಡಿ, ಹಸಿವು ಬರುವ ತಿಂಗಳುಗಳ ಮೊದಲೇ ಅದು ಎಚ್ಚರಿಸುತ್ತಿತ್ತು. 2025ರ ಜನವರಿಯಲ್ಲಿ ಆ ದೇಶ ವಿದೇಶಿ ನೆರವನ್ನು ತಡೆಹಿಡಿದಾಗ ಜಾಲ ಕೆಲಸ ನಿಲ್ಲಿಸಿತು. ತಿಂಗಳುಗಳ ನಂತರವೇ ಅದು ಭಾಗಶಃ ಮರಳಿದ್ದು. ಅದನ್ನು ನಂಬಿದ ದೇಶಗಳ ರೈತರನ್ನು ಯಾರೂ ಕೇಳಿರಲಿಲ್ಲ.

ಲೆಕ್ಕಕ್ಕೆ ಸಿಗದವರು

ಈ ಅಳತೆಗಳು ಕಾಣದ ಸಂಗತಿಗಳು ಇನ್ನೂ ಇವೆ. ಫ್ರೂಟ್ಸ್ ನೋಂದಣಿಗೆ ಪಹಣಿಯೇ ಬುನಾದಿ. ಬಗರ್‌ಹುಕುಂ ಸಾಗುವಳಿದಾರರು, ಪಾಲಿಗೆ ಮಾಡುವವರು, ಗಂಡನ ಹೆಸರಿನ ಜಮೀನಿನಲ್ಲಿ ವರ್ಷವಿಡೀ ದುಡಿಯುವ ಹೆಣ್ಣುಮಕ್ಕಳು ಅಲ್ಲಿ ರೈತರೆಂದು ಕಾಣಿಸುವುದಿಲ್ಲ. 2024ರ ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು, ಗರಿಷ್ಠ 2,000 ರೂಪಾಯಿ, ಈ ನೋಂದಣಿಯ ಆಧಾರದ ಮೇಲೆಯೇ ಬಂತು. ಕಾನಿನ ಕಳಲೆ, ಅಣಬೆ, ಮುರುಗಲು, ಗದ್ದೆಗೇರುವ ಮೀನು ಇವು ಬಡವರ ತಟ್ಟೆಯಲ್ಲಿವೆ, ಯಾವ ಕಾಲಮ್ಮಿನಲ್ಲೂ ಇಲ್ಲ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಚೇತರಿಸಿಕೊಳ್ಳುವ ನೆರೆಗುಳಿ ಭತ್ತಕ್ಕೂ ಪೇಟೆಯಿಂದ ತಂದ ಬೀಜಕ್ಕೂ ವಿಮೆಯ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿರುವುದು ನೀರಾವರಿ ಭತ್ತ, ಮಳೆಯಾಶ್ರಿತ ಭತ್ತ ಎಂಬೆರಡೇ.

ನಾವು ಮಾಡಬಹುದಾದುದು

ಹಾಗೆಂದು ಯಂತ್ರವನ್ನು ತಿರಸ್ಕರಿಸಿ ಕೂರುವುದು ಜಾಣತನವಲ್ಲ. ದೂರವಿದ್ದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ, ಅಷ್ಟೆ. ಅದಕ್ಕೆ ಬದಲಾಗಿ ಊರಿಗೊಂದು ಪುಸ್ತಕವಿರಲಿ ಎಂಬುದು ನನ್ನ ಸಲಹೆ. ಎಷ್ಟು ಎಕರೆ ಭತ್ತ, ಯಾವ ತಳಿ, ಎಷ್ಟು ಗದ್ದೆ ಈ ವರ್ಷ ತೋಟವಾಯಿತು, ಎಷ್ಟು ಮನೆಗಳಿಗೆ ಸ್ವಂತ ಅಕ್ಕಿ ಯಾವ ತಿಂಗಳವರೆಗೆ ಬಂತು, ಯಾವ ರಾತ್ರಿ ಯಾವ ಪ್ರಾಣಿ ಬಂತು, ನೆರೆ ಎಷ್ಟು ದಿನ ನಿಂತಿತು, ಇಷ್ಟನ್ನು ಬರೆಯೋಣ. ಪಹಣಿ ಇಲ್ಲದವರ ಬೆಳೆಯನ್ನೂ ಬರೆಯೋಣ. ಶಾಲೆಯ ಮಕ್ಕಳು ಸಾದಾ ಮಳೆಮಾಪಕವೊಂದನ್ನು ಇಟ್ಟು ದಿನವೂ ಬೆಳಗ್ಗೆ ಎಂಟೂವರೆಗೆ ಅಳೆಯಲಿ. ಆಪ್ ಬಳಸಲಾಗದ ಹಿರಿಯರ ಗದ್ದೆಗೆ ವಿದ್ಯಾರ್ಥಿಗಳು ಹೋಗಿ ಸಮೀಕ್ಷೆ ಮಾಡಿಕೊಡಲಿ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಸರಕಾರದ ಅಂಕಿಯನ್ನೂ ನಮ್ಮ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಓದಿ, ತಾಳೆಯಾಗದ ಕಡೆ ನಡಾವಳಿಯಲ್ಲಿ ಬರೆಸೋಣ. ಇಂಥ ಪುಸ್ತಕ ತಾನಾಗಿ ಪರಿಹಾರ ತರಲಾರದು. ಆದರೆ ಆಕ್ಷೇಪ ಎತ್ತಲು ಆಧಾರವಾಗುತ್ತದೆ.

ಊರಿನವರ ಕಣ್ಣು ಸಣ್ಣ ಸಾಧನವಲ್ಲ. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನು ಜನರು ಕಂಡರು, ಅದರಿಂದಲೇ ಜಗತ್ತಿಗೆ ಹೊಸ ರೋಗವೊಂದರ ಸುಳಿವು ದೊರೆಯಿತು. ಇಂದಿಗೂ ಮಂಗನ ಕಾಯಿಲೆಯ ನಿಗಾ ಸತ್ತ ಮಂಗನನ್ನು ಕಂಡು ಸುದ್ದಿ ಮುಟ್ಟಿಸುವವರನ್ನೇ ಅವಲಂಬಿಸಿದೆ.

ಇಲ್ಲಿಗೆ ಹತ್ತಿರದಲ್ಲೇ ಕುಮುದ್ವತಿಗೆ ಕಟ್ಟಿದ ಅಂಜನಾಪುರದ ಜಲಾಶಯವಿದೆ. ನೀರು ಎಷ್ಟಿದೆಯೆಂದು ಅದರ ದಂಡೆಯಲ್ಲಿ ನಿಂತ ಯಾರಾದರೂ ನೋಡಬಹುದು, ಕಾಲುವೆಗೆ ಎಂದು ಬಿಡುತ್ತೀರೆಂದು ಕೇಳಬಹುದು. ನಮ್ಮ ಬೆಳೆಯ, ಅನ್ನದ ಲೆಕ್ಕವೂ ಹಾಗೆಯೇ ಎಲ್ಲರೂ ನೋಡಿ ಕೇಳುವಂತಿರಬೇಕು. ಈ ಮುಂಗಾರಿನ ಬಿತ್ತನೆಯೊಂದಿಗೇ ಆ ಪುಸ್ತಕದ ಮೊದಲ ಪುಟವನ್ನು ಬರೆಯಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.